'ಇಲ್ಲಿರಬ್ಯಾಡ್ರಿ' ಅಂತ ವಾರ್ಡ್ ಆಫೀಸಿನವ್ರ ಬರದಾರ

ಟೋಕಿಯೋದಾಗ ನಾವು ಇರೋದು ನಿಶಿ-ಕಸಾಯಿ ಅಂತ, ಎಡೊಗಾವಾ ವಾರ್ಡಿನಾಗ. ನಮ್ಮ ಇಂಡಿಯಾ ಮಂದಿ ಭಾಳ ಇರೋ ಏರಿಯಾ, ತೊಗರಿಬ್ಯಾಳಿ ಹುಣಸಿಹಣ್ಣ ಎಲ್ಲಾ ಸಿಗತೈತಿ. ಹ್ವಾದ ವರ್ಷ ಅವ್ವ ಮುಧೋಳದ ಕಡಿಂದ ಬಂದು ಮೂರು ತಿಂಗಳ ಇದ್ಲು. ಬಂದ ದಿನಾನ ಸಂಜಿಮುಂದ ಕಂಬದ ಮ್ಯಾಲಿನ ಸ್ಪೀಕರಿನಾಗ ಹಾಡು ಶುರು ಆತು, "ಯಾವ ಗುಡಿದೋ ಇದು?" ಅಂದ್ಲು. ಗುಡಿದಲ್ಲವ್ವ, ಭೂಕಂಪ ಆದ್ರ, ಹೊಳಿ ಬಂದ್ರ ಒದರಾಕ ಇಟ್ಟಾರ, ಸ್ಪೀಕರ್ ಕೆಟ್ಟೈತೇನು ಅಂತ ದಿನಾ ಒಂದ್ ಹಾಡು ಹಚ್ಚಿ ನೋಡ್ತಾರ ಅಂದೆ. ಆಕಿಗೆ ಅದು ಎಷ್ಟು ಸೇರ್ತು ಅಂದ್ರ ಮರುದಿನದಿಂದ ಹಾಡು ಬಂದಕೂಡ್ಲೇ ಚಾಕ್ಕ ಇಡಾಕಿ.

ಆಮ್ಯಾಲ ಫ್ರಿಜ್ ಮ್ಯಾಲಿದ್ದ ನಕಾಶಿ ಪುಸ್ತಕ ಕೈಗೆ ತಗೊಂಡ್ಲು. 2019ರಾಗ ವಾರ್ಡ್ ಆಫೀಸಿನವ್ರ ಮನಿಮನಿಗೆ ಕೊಟ್ಟದ್ದು, ಮುಖಪುಟದ ಮ್ಯಾಲ ನಮ್ಮ ವಾರ್ಡಿನ ಮ್ಯಾಲನ 'ಇಲ್ಲಿರಬ್ಯಾಡ್ರಿ' ಅಂತ ಬರದಾರ! ಅಂದ್ರ ದೊಡ್ಡ ಪ್ರವಾಹ ಬಂದ್ರ ಹೆಚ್ಚುಕಡಿಮಿ ಇಡೀ ವಾರ್ಡು ಮುಳಗತೈತಿ, ಒಂದೆರಡ ವಾರ ನೀರ ಇಳ್ಯಾಂಗಿಲ್ಲ, ಅದಕ್ಕ ಮೊದಲನ ಬ್ಯಾರೆ ಕಡೆ ಹೋಗಿಬಿಡ್ರಿ ಅಂತ. ಸರಕಾರದವ್ರು ಇಷ್ಟು ಖರೇ ಮಾತಾಡಿದ್ದು ನಾ ಎಲ್ಲೂ ನೋಡಿಲ್ಲ ಬಿಡ್ರಿ. ಮತ್ತ ನಮ್ಮ ಮನಿ ಹತ್ರ ಹರಿಯೋ ಅರಾಕಾವಾ ಹೊಳಿ ಐತೆಲ್ಲಾ, ಅದರ ತೆಳಗಿನ 22 ಕಿಲೋಮೀಟರ್ ಮನಷ್ಯಾರ ತೋಡಿದ್ದು, 1910ರ ಮಹಾಪೂರ ಆದಮ್ಯಾಲ ಊರ ಉಳಸಾಕಂತ ಹೊಸಾ ಹೊಳೀನ ತೋಡ್ಯಾರ, ಮುಗ್ಯಾಕ 1930 ಆತು.

ಅದೇ 2019ರ ಅಕ್ಟೋಬರ್ 12ಕ್ಕ ಹಗಿಬಿಸ್ ಚಂಡಮಾರುತ ಬಂತು, ನಾವು ಒಂದ್ ಬ್ಯಾಗ್ ಹಿಡಕೊಂಡು ಸಾಲಿ ಮೂರನೇ ಅಂತಸ್ತಿನಾಗ ರಾತ್ರಿ ಕಳದ್ವಿ, ಹೊಳಿ ಒಡ್ಡು ದಾಟಲಿಲ್ಲ, ಮುಂಜಾನೆ ಮನಿಗೆ ಬಂದು ಉಪ್ಪಿಟ್ಟು ತಿಂದ್ವಿ, ಅಷ್ಟ.

ನನ್ನ ತಲ್ಯಾಗಿದ್ದದ್ದು ಮಾತ್ರ ಅದೇ ವರ್ಷ ಆಗಸ್ಟಿನಾಗ ಊರಿಗೆ ನುಗ್ಗಿದ ನಮ್ಮ ಘಟಪ್ರಭಾ ಹೊಳಿ. ಅಂಬೋಲಿ ಘಾಟಿನಾಗ ಮಳಿ ಜಡದ್ರ ನಮ್ಮಲ್ಲಿ ಹೊಳಿ ಏರತೈತಿ ಅನ್ನೋದು ಸಣ್ಣ ಹುಡುಗ್ರಿಗೂ ಗೊತ್ತು, ಆದ್ರ ಅವತ್ತ ಡಂಗುರದವ ಬರೋದ್ರಾಗ ನೀರ ಅಗಸಿ ಬಾಗ್ಲಾ ಮುಟ್ಟಿತ್ತು. ಏಳ್ರಿ ಅಂದಾ, ಎಲ್ಲಿಗೆ ಅಂತ ಹೇಳ್ಲಿಲ್ಲ. ಎಲ್ಲಾರೂ ಟ್ರ್ಯಾಕ್ಟರ್ ಹತ್ತಿದ್ರು, ಅಪ್ಪ ಒಬ್ಬನ ಹತ್ತಲಿಲ್ಲ. ಕಾಳಜಿ ಕೇಂದ್ರದಾಗ ಎಮ್ಮಿ ಕಟ್ಟಾಕ ಜಾಗಾ ಇಲ್ಲ, ನಾ ಒಲ್ಲೆ ಅಂದವ ಟೊಂಕಮಟ್ಟ ನೀರಾಗ ಎರಡೂ ಎಮ್ಮಿ ಹಗ್ಗಾ ಹಿಡಕೊಂಡು ದಿಬ್ಬಾ ಹತ್ತಿ ಮೂರ ದಿನಾ ಅಲ್ಲೇ ಕುಂತಿದ್ದ.

ಅವ್ವ ಪುಸ್ತಕದ ಹಾಳಿ ಒಂದೊಂದನ ತಿರುವಿ ನೋಡಿದ್ಲು, ಜಪಾನಿ ಓದಾಕ ಬರಾಂಗಿಲ್ಲ, ಬರೇ ಚಿತ್ರ.

"ದನಾ ಎಲ್ಲಿ ಕಟ್ಟಬೇಕಂತ ಬರದಾರ?"

"ಇಲ್ಲೆ ದನಾ ಯಾರ ಸಾಕ್ತಾರವ್ವ, ನಾಯಿ ಬೆಕ್ಕು ಅಷ್ಟ."

ಪುಸ್ತಕ ಮುಚ್ಚಿ ಫ್ರಿಜ್ ಮ್ಯಾಲ ಇಟ್ಲು. "ಹಂಗಾರ ನಿಮ್ಮಪ್ಪ ಇಲ್ಲೂ ಏಳ್ತಿದ್ದಿಲ್ಲ ಬಿಡು" ಅಂದ್ಲು.