ಮಾಂಸ ತಿನ್ನದವರು ಬೊಲೋನ್ಯಕ್ಕೆ ಹೋದರೆ ಊಟಕ್ಕೇನು ಗತಿ?

ಇಟಲಿಗೆ ಹೊರಟ ಪರಿಚಿತರಲ್ಲಿ ಹೆಚ್ಚಿನವರು ನನ್ನನ್ನು ಕೇಳುವ ಪ್ರಶ್ನೆ ಇದು. ಅವರ ಅಂಜಿಕೆ ಸುಳ್ಳಲ್ಲ. ಇಟಲಿಯವರೇ ಆ ಊರನ್ನು ‘ಲಾ ಗ್ರಾಸ್ಸಾ’, ಅಂದರೆ ಕೊಬ್ಬಿದ ಊರು, ಎಂದು ಕರೆಯುತ್ತಾರೆ. ಅಲ್ಲಿಯ ಹೆಸರಾಂತ ತಿನಿಸುಗಳಾದ ಮೊರ್ತದೆಲ್ಲಾ ಎಂಬ ಹಂದಿಮಾಂಸದ ಸಾಸೇಜು, ರಗೂ ಎಂಬ ಮಾಂಸದ ಗೊಜ್ಜು ಕಲಸಿದ ತಲ್ಯತೆಲ್ಲೆ ಪಾಸ್ತಾ, ಹೂರಣವಿಟ್ಟು ಸಾರಿನಲ್ಲಿ ಬೇಯಿಸಿದ ತೊರ್ತೆಲ್ಲೀನಿ ಪಾಸ್ತಾ ಮೂರೂ ಮಾಂಸದವೇ. ಆದರೂ ಮೊಟ್ಟೆಗೆ ಅಡ್ಡಿಯಿಲ್ಲದವರು ಅಲ್ಲಿ ಹೊಟ್ಟೆ ತುಂಬ ಉಣ್ಣಬಹುದು, ಬೆಳಗನ್ನು ಚರ್ಚುಗಳಿಗೆ ಬಿಟ್ಟುಕೊಟ್ಟರೆ ಒಳ್ಳೆಯ ಹಸಿವಿನಿಂದಲೇ ಉಣ್ಣಬಹುದು ಎಂಬುದು ನನ್ನ ಉತ್ತರ.

ಬೆಳಗು ಎಂದೆ, ಏಕೆಂದರೆ ಹಳೆಯ ಚರ್ಚುಗಳಲ್ಲಿ ಹಲವು ಮಧ್ಯಾಹ್ನ ಬಾಗಿಲು ಹಾಕಿ ಮತ್ತೆ ತೆರೆಯುವುದು ಇಳಿಹೊತ್ತಿಗೆ. ಮೊದಲು ನೋಡಬೇಕಾದದ್ದು ದೊಡ್ಡ ಚೌಕದಲ್ಲಿರುವ ಸಾನ್ ಪೆತ್ರೋನ್ಯೊ. 1390ರಲ್ಲಿ ಕಟ್ಟಲು ತೊಡಗಿದ ಈ ಚರ್ಚಿನ ಮುಖ ಇಂದಿಗೂ ಅರ್ಧಕ್ಕೇ ನಿಂತಿದೆ: ಕೆಳಗೆ ಬಿಳಿ ಮತ್ತು ನಸುಗೆಂಪು ಅಮೃತಶಿಲೆ, ಮೇಲೆ ಬರೀ ಇಟ್ಟಿಗೆ. ಮೊದಲ ನೋಟಕ್ಕೆ ಹಲವರಿಗೆ ನಿರಾಸೆಯಾಗುತ್ತದೆ. ನನಗೆ ಮಾತ್ರ, ಫ್ಲಾರೆನ್ಸಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಮಾಡಿ ಮುಗಿಸಿದ ಕ್ಯಾಥೆಡ್ರಲಿನ ಮುಖಕ್ಕಿಂತ ಈ ಅರೆಬರೆ ಮುಖವೇ ಹೆಚ್ಚು ಹಿಡಿಸಿತು.

ಒಳಗೆ ನೆಲದ ಮೇಲೆ ಸುಮಾರು 67 ಮೀಟರ್ ಉದ್ದದ ಒಂದು ಗೆರೆಯಿದೆ. ಶನಿಗ್ರಹದ ಉಂಗುರಗಳ ನಡುವಿನ ಸಂದನ್ನು ಮುಂದೆ ಗುರುತಿಸಿದ ಕಸ್ಸೀನಿ 1655ರಲ್ಲಿ ಇದನ್ನು ಎಳೆಸಿದ. ಸುಮಾರು 27 ಮೀಟರ್ ಎತ್ತರದ ಚಾವಣಿಯಲ್ಲಿರುವ ಸಣ್ಣ ರಂಧ್ರದಿಂದ ಇಳಿಯುವ ಬಿಸಿಲು ನೆಲದ ಮೇಲೆ ದುಂಡಗೆ ಬೀಳುತ್ತದೆ. ಸೂರ್ಯ ನೆತ್ತಿಯ ರೇಖೆಯನ್ನು ದಾಟುವ ಹೊತ್ತಿಗೆ ಸರಿಯಾಗಿ ಆ ಬಿಂಬವೂ ಗೆರೆಯನ್ನು ದಾಟುತ್ತದೆ. ಬೇಸಿಗೆಯಲ್ಲಿ ಅದು ಹೆಚ್ಚುಕಡಿಮೆ ಊಟದ ತಟ್ಟೆಯಷ್ಟು ಅಗಲ. ಕಣ್ಣೆದುರಿಗೇ ಜರುಗುತ್ತ ಎರಡು ಮೂರು ನಿಮಿಷಗಳಲ್ಲಿ ಆಚೆ ಹೋಗಿಬಿಡುತ್ತದೆ. ಚಳಿಗಾಲದಲ್ಲಿ ಈ ಗಳಿಗೆ ಬರುವುದು ಹನ್ನೆರಡೂ ಕಾಲರ ಆಸುಪಾಸಿನಲ್ಲಿ. ಗಡಿಯಾರವನ್ನು ಮುಂದಿಡುವ ಬೇಸಿಗೆಯಲ್ಲಿ ಒಂದೂಕಾಲರ ಆಸುಪಾಸಿಗೆ. ಊಟದ ಮನೆಗಳ ಅಡುಗೆಯೂ ಆಗಲೇ ಸಿದ್ಧವಾಗಿರುತ್ತದೆ.

ಅಲ್ಲಿ ಕೇಳಬೇಕಾದದ್ದು ತೊರ್ತೆಲ್ಲೋನಿ. ಹೆಸರು ಹತ್ತಿರವಾದರೂ ಇದು ತೊರ್ತೆಲ್ಲೀನಿಯಲ್ಲ: ಗಾತ್ರದಲ್ಲಿ ದೊಡ್ಡದು, ಹೂರಣ ಸಾಮಾನ್ಯವಾಗಿ ರಿಕೊಟ್ಟಾ ಎಂಬ ಮೆದು ಚೀಸಿನದು. ಮೊಟ್ಟೆ ಹಾಕಿ ಕಲಸಿದ ಹಿಟ್ಟನ್ನು ಮಾರುದ್ದದ ಲಟ್ಟಣಿಗೆಯಿಂದ ತೆಳ್ಳಗೆ ಲಟ್ಟಿಸಿ, ಚೌಕವಾಗಿ ಕೊಯ್ದು, ಹೂರಣವಿಟ್ಟು ಮಡಚುತ್ತಾರೆ; ಕೈಚಳಕವೆಲ್ಲ ನಮ್ಮ ಕಡುಬು ಮಾಡುವವರದೇ. ಬೆಣ್ಣೆಯಲ್ಲಿ ಬಾಡಿಸಿದ ಸೇಜ್ ಎಲೆಗಳೊಂದಿಗೆ ತಟ್ಟೆಗೆ ಬಂದಾಗ ಒಳಗಿನ ರಿಕೊಟ್ಟಾ ನನಗೆ ಸಿಹಿಯಿಲ್ಲದ ಗಿಣ್ಣನ್ನು ನೆನಪಿಸಿತು. ಮೇಲೆ ಉದುರಿಸುವ ಪಾರ್ಮಿಜಾನೊ ಚೀಸಿಗೆ ಕರುವಿನ ಜಠರದಿಂದ ತೆಗೆದ ಹೆಪ್ಪು ಹಾಕುತ್ತಾರೆ. ಕಟ್ಟುನಿಟ್ಟಿನವರು ಅದು ಬೇಡವೆಂದು ಮೊದಲೇ ಹೇಳಬೇಕು. ಬಿಲ್ಲಿನಲ್ಲಿ ತಲೆಗಿಷ್ಟು ಎಂದು ‘ಕೊಪೆರ್ತೊ’ ಎಂಬ ಮೇಜಿನ ಶುಲ್ಕ ಸೇರಿರುತ್ತದೆ, ಅದಕ್ಕೆ ಜಗಳ ಬೇಡ.

‘ಮಾಂಸ ಬೇಡ’ ಎಂದಷ್ಟೇ ಹೇಳಿ ನಾನೊಮ್ಮೆ ಮೋಸಹೋದೆ. ಬಟಾಣಿಯ ನಡುವೆ ಹಂದಿಮಾಂಸದ ಸಣ್ಣ ಚೂರುಗಳು ಬಂದವು. ಬಡಿಸಿದಾತನ ಲೆಕ್ಕದಲ್ಲಿ ಪ್ರೊಷೂತ್ತೊ ಮಾಂಸವಲ್ಲ, ರುಚಿಗೆ ಹಾಕುವ ಪದಾರ್ಥ. ಅಂದಿನಿಂದ ನಾನು ಒಂದೊಂದನ್ನೂ ಹೆಸರಿಟ್ಟು ಕೇಳುತ್ತೇನೆ.

ಸಂಜೆಯ ಊಟಕ್ಕೆ ಏಳೂವರೆಯ ಮೊದಲು ಹೋಗಿ ಫಲವಿಲ್ಲ. ಆ ಬಿಡುವಿನಲ್ಲಿ ಸಾನ್ ದೊಮೆನಿಕೊ ಚರ್ಚಿಗೆ ಹೋಗಬಹುದು. 1221ರಲ್ಲಿ ಇದೇ ಊರಿನಲ್ಲಿ ತೀರಿಕೊಂಡ ಸಂತ ಡೊಮಿನಿಕನ ಸಮಾಧಿಯ ಮೇಲೆ, ಇನ್ನೂ ಇಪ್ಪತ್ತರ ಆಜುಬಾಜಿನಲ್ಲಿದ್ದ ಮೈಕೆಲಾಂಜೆಲೊ ಕೆತ್ತಿದ ಮೂರು ಸಣ್ಣ ವಿಗ್ರಹಗಳಿವೆ. ಅವುಗಳಲ್ಲೊಂದು ಊರಿನ ಪಾಲಕಸಂತ ಪೆತ್ರೋನ್ಯೊನದು; ಗೋಪುರಗಳ ಸಮೇತ ಇಡೀ ಬೊಲೋನ್ಯವನ್ನು ಆತ ಕೈಯಲ್ಲಿ ಹಿಡಿದು ನಿಂತಿದ್ದಾನೆ. ಅದನ್ನು ನೋಡಿ ಹೊರಬಂದರೆ ಕಮಾನುಸಾಲಿನ ನೆರಳಲ್ಲೇ ನಡೆದು ಊಟಕ್ಕೆ ಸೇರಬಹುದು. ರಾತ್ರಿ ಹಿಟ್ಟನ್ನು ಕರಿದು ಮಾಡುವ ಕ್ರೆಷೆಂತೀನೆ ತರಿಸುವವರು, ಕರಿದದ್ದು ಎಣ್ಣೆಯಲ್ಲೋ ‘ಸ್ತ್ರೂತ್ತೊ’ ಎಂಬ ಹಂದಿಯ ಕೊಬ್ಬಿನಲ್ಲೋ ಎಂದು ಕೇಳಲು ಮರೆಯಬಾರದು.