ಕೀಟೋನ್ ಪುಡಿ ಮತ್ತು ರಕ್ತದ ವರದಿ

ದಾವಣಗೆರೆಯ ಜಿಮ್‌ಗಳಲ್ಲಿ ಈಗ ಪ್ರೋಟೀನ್ ಡಬ್ಬಿಗಳ ಪಕ್ಕದಲ್ಲೇ ಕೀಟೋನ್ ಪುಡಿಯೂ ಕಾಣಿಸಿಕೊಳ್ಳುತ್ತಿದೆ. ಪಿ.ಜೆ. ಬಡಾವಣೆಯಲ್ಲಿರುವ ನನ್ನ ಅಕ್ಕನ ಮಗ ಅದನ್ನು ತಂದು, "ಮಾಮ, ಇದನ್ನು ಕುಡಿದರೆ ಬೆಣ್ಣೆದೋಸೆ ಬಿಡದೆಯೇ ಬೊಜ್ಜು ಕರಗುತ್ತದಂತೆ" ಎಂದ. ರಕ್ತದ ಲೆಕ್ಕ ಅವನ ಮಾತಿಗೆ ತದ್ವಿರುದ್ಧವಾಗಿದೆ.

ಉಪವಾಸವಿದ್ದಾಗ ಯಕೃತ್ತು ದೇಹದ ಕೊಬ್ಬಿನಿಂದಲೇ ಕೀಟೋನ್ ಎಂಬ ಇಂಧನವನ್ನು ತಯಾರಿಸುವುದರಿಂದ, ಆಗ ರಕ್ತದಲ್ಲಿ ಕೀಟೋನ್ ಏರಿದರೆ ಕೊಬ್ಬು ಕರಗುತ್ತಿದೆ ಎಂದು ತಿಳಿಯಬಹುದು. ಹೊರಗಿನಿಂದ ಕುಡಿದ ಕೀಟೋನ್‌ಗೆ ಈ ಅರ್ಥವಿಲ್ಲ. ಬೀಟಾ-ಹೈಡ್ರಾಕ್ಸಿಬ್ಯುಟಿರೇಟ್ ಎಂಬ ಈ ಕೀಟೋನ್ ಕೊಬ್ಬಿನ ಕೋಶಗಳ ಮೇಲಿನ ಗ್ರಾಹಕವೊಂದಕ್ಕೆ (ಸಂಕೇತ ಹಿಡಿಯುವ ರಿಸೆಪ್ಟರ್) ಅಂಟಿಕೊಂಡು ಕೊಬ್ಬಿನ ಬಿಡುಗಡೆಯನ್ನೇ ತಗ್ಗಿಸುತ್ತದೆ; ಆದ್ದರಿಂದ ಕುಡಿದ ಮೇಲೆ ರಕ್ತದಲ್ಲಿನ ಮುಕ್ತ ಕೊಬ್ಬಿನಾಮ್ಲಗಳು ಇಳಿಯುತ್ತವೆ. ಗ್ಲೂಕೋಸ್ ಕೂಡ ಕೆಲವು ಗಂಟೆಗಳ ಕಾಲ ತುಸು ತಗ್ಗುತ್ತದೆ.

ಹಾರ್ಮೋನುಗಳ ವಿಷಯ ಇನ್ನೂ ಕುತೂಹಲಕರವಾಗಿದೆ. ಆರೋಗ್ಯವಂತರಾದ 15 ಮಂದಿಯ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕೀಟೋನ್ ಎಸ್ಟರ್ (ಕೀಟೋನ್‌ನ ಪ್ರಬಲ ದ್ರವರೂಪ) ಕುಡಿದವರ ಹಸಿವಿನ ಹಾರ್ಮೋನು ಗ್ರೆಲಿನ್, ಅಷ್ಟೇ ಕ್ಯಾಲೊರಿಯ ಸಕ್ಕರೆ ಪಾನೀಯ ಕುಡಿದಾಗಿನದಕ್ಕಿಂತ 2ರಿಂದ 4 ಗಂಟೆಗಳ ನಂತರ ಕಡಿಮೆಯಿತ್ತು, ಹಸಿವೂ ತಗ್ಗಿತ್ತು. ಆದರೆ ಹೊಟ್ಟೆ ತುಂಬಿದ ಭಾವ ಕೊಡುವ ಹಾರ್ಮೋನುಗಳಾದ ಜಿಎಲ್‌ಪಿ-1 ಮತ್ತು ಪಿವೈವೈ ಕೂಡ ಇಳಿದಿದ್ದವು. ಅಂದಮೇಲೆ ಇದನ್ನು ಬರಿಯ 'ಹಸಿವು ಮುರಿಯುವ ಮದ್ದು' ಎಂದು ಮಾರುವವರು ಅರ್ಧ ಕಥೆಯನ್ನಷ್ಟೇ ಹೇಳುತ್ತಿದ್ದಾರೆ.

ಆ ಫಲಿತಾಂಶ ಎಸ್ಟರ್‌ನದು, ಅದು ರಕ್ತದ ಕೀಟೋನನ್ನು ಲೀಟರಿಗೆ ಸುಮಾರು 3 ಮಿಲಿಮೋಲ್‌ವರೆಗೆ ಏರಿಸಬಲ್ಲದು. ಅಳಿಯನ ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಎಂದಿತ್ತು. ಅಂದರೆ ಅದು ಈ ಖನಿಜಗಳೊಂದಿಗೆ ಬೆಸೆದ ಕೀಟೋನ್ ಲವಣ. ಅದರ ಏರಿಕೆ ಸಾಮಾನ್ಯವಾಗಿ 1 ಮಿಲಿಮೋಲ್ ಆಸುಪಾಸಿನದು. ಜೊತೆಗೆ ಬರುವ ಸೋಡಿಯಂ ಬೇರೆ! ದಿನಕ್ಕೆ 2 ಗ್ರಾಂ ಸೋಡಿಯಂ ಮೀರಬಾರದೆಂಬ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯನ್ನು ಉಪ್ಪಿನಕಾಯಿ, ಮಂಡಕ್ಕಿ ಮಿರ್ಚಿ ತಿನ್ನುವ ನಮ್ಮೂರಿನಲ್ಲಿ ದಾಟುವುದು ಕಷ್ಟವಲ್ಲ. ರಕ್ತದೊತ್ತಡವಿರುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು.

ಇನ್ನೊಂದು ವಿಷಯವನ್ನು ಲ್ಯಾಬಿಗೆ ಹೋಗುವವರು ಗಮನಿಸಬೇಕು. ಬೆಳಿಗ್ಗೆ ಇದನ್ನು ಕುಡಿದು ಖಾಲಿ ಹೊಟ್ಟೆಯ ಸಕ್ಕರೆ ಪರೀಕ್ಷೆಗೆ ರಕ್ತ ಕೊಟ್ಟರೆ, ವರದಿಯ ಅಂಕಿ ಇರುವುದಕ್ಕಿಂತ ಚೆನ್ನಾಗಿ ಕಾಣಬಹುದು. ಆದ್ದರಿಂದ ಆ ದಿನ ನೀರಷ್ಟೇ ಕುಡಿದು ಹೋಗಬೇಕು; ಪುಡಿ ಸೇವಿಸುತ್ತಿರುವ ವಿಷಯವನ್ನು ವೈದ್ಯರಿಗೂ ತಿಳಿಸಬೇಕು.