ಊಟಕ್ಕೆ ಕರೆದ ಮನೆ, ಮಗಳನ್ನು ಕೊಡದ ಮನೆ: ಲಂಡನ್ನಿನಲ್ಲಿ ‘ಒಥೆಲೊ’ ನೋಡುವವರಿಗೆ

‘ಅವಳ ತಂದೆಗೆ ನನ್ನ ಮೇಲೆ ಪ್ರೀತಿ. ಮತ್ತೆ ಮತ್ತೆ ಮನೆಗೆ ಕರೆಯುತ್ತಿದ್ದರು. ನನ್ನ ಬದುಕಿನ ಕಥೆ ಕೇಳುತ್ತಿದ್ದರು.’

ಶೇಕ್ಸ್‌ಪಿಯರನ ‘ಒಥೆಲೊ’ ನಾಟಕದಲ್ಲಿ, ವೆನಿಸ್ಸಿನ ಆಡಳಿತ ಸಭೆಯಾದ ಸೆನೆಟ್ಟಿನ ಮುಂದೆ ನಿಂತು ನಾಯಕ ಒಥೆಲೊ ಹೇಳುವ ಮಾತಿನ ಸಾರ ಇದು. ಪರದೇಶದಲ್ಲಿ ನೆಲೆ ಕಂಡವರಿಗೆ ಇದನ್ನು ಕೇಳಿದಾಗ ಎದೆಯಲ್ಲಿ ಚುರುಕ್ ಎನ್ನುತ್ತದೆ. ಡೆಸ್ಡೆಮೊನಾಳ ತಂದೆ ಬ್ರಬಾನ್ಷಿಯೊ ಈ ಕರಿಯ ದಂಡನಾಯಕನನ್ನು ಮನೆಗೆ ಕರೆದು ಕೂರಿಸಿಕೊಂಡು ಯುದ್ಧದ ಕಥೆ ಕೇಳಿದವನು. ಅದೇ ಮನುಷ್ಯ ಮಗಳನ್ನು ಮದುವೆಯಾದ ಅಂದ ಕೂಡಲೇ ಅವನು ಮಾಡುವ ಆರೋಪ ಒಂದೇ: ಮಾಟ ಮಾಡಿದ್ದಾನೆ. ಅದೇ ರಾತ್ರಿ ತುರ್ಕರ ಹಡಗುಗಳು ಸೈಪ್ರಸ್ ಕಡೆ ಹೊರಟ ಸುದ್ದಿ ಬರುತ್ತದೆ. ಸೆನೆಟ್ಟಿಗೆ ಒಥೆಲೊ ಬೇಕೇ ಬೇಕು, ಹಾಗಾಗಿ ದೂರು ಅಲ್ಲಿಗೇ ನಿಲ್ಲುತ್ತದೆ. ತುರ್ಕರು ಬಾರದಿದ್ದರೆ ತೀರ್ಪು ಏನಾಗುತ್ತಿತ್ತು ಎಂಬ ಪ್ರಶ್ನೆ ಕೇಳಿಕೊಂಡೇ ನಾಟಕದ ಉಳಿದ ಭಾಗ ನೋಡಬೇಕು.

ನಮ್ಮ ಕಾಲೇಜುಗಳಲ್ಲಿ ಇದನ್ನು ಹೊಟ್ಟೆಕಿಚ್ಚಿನ ದುರಂತ ಎಂದು ಹೇಳಿ ಮುಗಿಸುತ್ತಾರೆ. ಕನ್ನಡದಲ್ಲಿ ಇದಕ್ಕೆ ಎರಡು ಬೇರೆ ಮಾತುಗಳಿವೆ, ಅವನ್ನು ಬಳಸಿದರೆ ನಾಟಕ ಇನ್ನೂ ಚೆನ್ನಾಗಿ ಬಿಡಿಸಿಕೊಳ್ಳುತ್ತದೆ. ತನಗೆ ಸಿಗಬೇಕಾದ ಹುದ್ದೆಯನ್ನು ಒಥೆಲೊ ಕ್ಯಾಸಿಯೊಗೆ ಕೊಟ್ಟನೆಂದು ಉರಿಯುವ, ಅವನ ಕೈಕೆಳಗಿನ ಇಯಾಗೊನದು ಹೊಟ್ಟೆಕಿಚ್ಚು. ಒಥೆಲೊನದು ಅನುಮಾನ, ಹೆಂಡತಿ ಡೆಸ್ಡೆಮೊನಾಳಿಗೆ ಕ್ಯಾಸಿಯೊ ಜೊತೆ ಸಂಬಂಧವಿದೆಯೆಂದು. ಕಿಚ್ಚು ತಾನಾಗಿ ಹತ್ತಿಕೊಂಡದ್ದು, ಅನುಮಾನ ಹತ್ತಿಸಿದ್ದು. ಅದನ್ನು ಇಯಾಗೊ ಹೇಗೆ ಹತ್ತಿಸಿದ ಎಂಬುದು ಮೂರನೆಯ ಅಂಕದ ಮೂರನೆಯ ದೃಶ್ಯದಲ್ಲಿದೆ. ಸುಮಾರು 480 ಸಾಲಿನ ಈ ಒಂದೇ ದೃಶ್ಯದಲ್ಲಿ ಹೆಂಡತಿಯನ್ನು ಪ್ರಾಣದಂತೆ ಕಾಣುವವನು ಅವಳನ್ನು ಕೊಲ್ಲಲು ಮನಸ್ಸು ಮಾಡುತ್ತಾನೆ. ನಾಟಕಕ್ಕೆ ಹೋಗುವ ಮೊದಲು ಓದಲು ಒಂದೇ ಗಂಟೆ ಇದ್ದರೆ ಇದಷ್ಟನ್ನೇ ಓದಿ.

ತಲೆಗೆ ಹುಳ ಬಿಡುವುದು ಅಂತೀವಲ್ಲ, ಅದರ ಕ್ರಮ ಇಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಕ್ಯಾಸಿಯೊ ಡೆಸ್ಡೆಮೊನಾಳ ಹತ್ತಿರ ಮಾತಾಡಿ ಹೊರಟದ್ದನ್ನು ಕಂಡು ಇಯಾಗೊ ತನ್ನಷ್ಟಕ್ಕೆ ಎಂಬಂತೆ ಗೊಣಗುತ್ತಾನೆ: ‘ಹಾ, ಇದು ನನಗೆ ಸರಿಬರಲಿಲ್ಲ.’ ಏನೆಂದೆ ಅಂದರೆ ‘ಏನಿಲ್ಲ.’ ಆಮೇಲೆ ಒಂದು ಪ್ರಶ್ನೆ: ನಿಮ್ಮ ಪ್ರೇಮದ ವಿಚಾರ ಕ್ಯಾಸಿಯೊಗೆ ಮೊದಲೇ ಗೊತ್ತಿತ್ತೆ? ಗೊತ್ತಿತ್ತು, ಯಾಕೆ ಕೇಳಿದೆ? ಸುಮ್ಮನೆ. ಅವನು ನಿಯತ್ತಿನವನಲ್ಲವೆ? ‘ನಿಯತ್ತೆ, ಪ್ರಭು?’ ನಿನ್ನ ಮನಸ್ಸಿನಲ್ಲಿ ಏನಿದೆ? ‘ಮನಸ್ಸಿನಲ್ಲೆ, ಪ್ರಭು?’ ಇವನು ನನ್ನ ಮಾತನ್ನೇ ನನಗೆ ಮಾರ್ದನಿಯಾಗಿ ಕೊಡುತ್ತಿದ್ದಾನೆ ಎಂದು ಒಥೆಲೊ ಬಾಯಿಬಿಟ್ಟೇ ಹೇಳುತ್ತಾನೆ, ಆದರೂ ಬಲೆ ಕಾಣುವುದಿಲ್ಲ. ನಮ್ಮ ಮಂಥರೆ ಕೈಕೇಯಿಗೆ ಹೇಳಬೇಕಾದ್ದನ್ನು ಎದುರಿಗೇ ಹೇಳಿದಳು. ಇಯಾಗೊ ಹೇಳುವುದಿಲ್ಲ, ಎದುರಿನವನಿಂದಲೇ ಹೇಳಿಸುತ್ತಾನೆ. ಜೊತೆಗೆ ಹಿತೈಷಿಯಂತೆ ಎಚ್ಚರಿಕೆ ಬೇರೆ: ಅನುಮಾನಕ್ಕೆ ಎಡೆ ಕೊಡಬೇಡಿ ಪ್ರಭು, ಅದು ಹಸಿರು ಕಣ್ಣಿನ ಪಿಶಾಚಿ.

ನಾಟಕದ ನಿಜವಾದ ತಿರುವು ಇದಾದ ಮೇಲೆ ಬರುತ್ತದೆ, ಎಷ್ಟೋ ಪ್ರದರ್ಶನಗಳು ಇಲ್ಲೇ ಓಡಿಬಿಡುತ್ತವೆ. ಡೆಸ್ಡೆಮೊನಾ ಶುದ್ಧಳೆಂದೇ ನಂಬಿದ್ದೇನೆ ಎನ್ನುತ್ತಲೇ ಒಥೆಲೊ ಇನ್ನೊಂದು ವಾಕ್ಯಕ್ಕೆ ಕೈಹಾಕುತ್ತಾನೆ: ‘ಆದರೂ, ಪ್ರಕೃತಿ ತನ್ನ ದಾರಿ ತಪ್ಪಿದಾಗ...’ ವಾಕ್ಯ ಮುಗಿಯುವುದಿಲ್ಲ. ಇಯಾಗೊ ನಡುವೆಯೇ ನುಗ್ಗುತ್ತಾನೆ: ಅದೇ, ಅದೇ ವಿಷಯ! ತನ್ನ ನಾಡಿನ, ತನ್ನ ಬಣ್ಣದ, ತನ್ನ ಅಂತಸ್ತಿನ ಎಷ್ಟೋ ಸಂಬಂಧಗಳನ್ನು ಅವಳು ಬೇಡವೆಂದಳಲ್ಲ? ಒಥೆಲೊನ ಆ ಅರ್ಧ ವಾಕ್ಯ ಅವನ ಸ್ವಂತದ್ದಲ್ಲ. ಪ್ರಕೃತಿ ಹೀಗೆ ದಾರಿ ತಪ್ಪಲು ಮಾಟವೇ ಕಾರಣವೆಂದು ಸೆನೆಟ್ಟಿನಲ್ಲಿ ಅರಚಿದ್ದು ಬ್ರಬಾನ್ಷಿಯೊ. ಆಗ ಅಲ್ಲೇ ನಿಂತು ಇಯಾಗೊ ಕೇಳಿಸಿಕೊಂಡಿದ್ದ. ಮಾವನ ಬೈಗುಳ ಅಳಿಯನ ಬಾಯಿಂದ ಅವನದೇ ಆಲೋಚನೆಯಾಗಿ ಹೊರಬಿತ್ತು. ಸ್ವಲ್ಪ ಹೊತ್ತಿಗೆ ಒಂಟಿಯಾಗಿ ನಿಂತು ‘ನಾನು ಕಪ್ಪಗಿದ್ದೇನೆ, ಅದಕ್ಕೇ ಇರಬಹುದು’ ಎನ್ನುತ್ತಾನೆ. ವರ್ಣದ್ವೇಷ ಇಲ್ಲಿ ಬೀದಿಯ ಬೈಗುಳದಿಂದ ಹೊರಟು ಬೈಸಿಕೊಂಡವನ ಒಳಗೇ ಮನೆ ಮಾಡಿಕೊಳ್ಳುತ್ತದೆ. ವರ ಹುಡುಕುವಾಗ, ವಧು ಹುಡುಕುವಾಗ ಬಣ್ಣ ಕೇಳುವ ನಮ್ಮವರೂ ಈ ದೃಶ್ಯವನ್ನು ಬೇರೆಯವರ ಕಥೆಯೆಂದು ನೋಡಲಾರರು.

ಇಲ್ಲಿಯವರೆಗೆ ಇಯಾಗೊ ಸಾಕ್ಷಿ ಕೇಳಿ ಹಿಡಿಯಬಹುದಾದ ಸುಳ್ಳು ಹೇಳಿಲ್ಲ. ಕ್ಯಾಸಿಯೊ ನಿದ್ದೆಯಲ್ಲಿ ಕನವರಿಸಿದ, ಡೆಸ್ಡೆಮೊನಾಳ ಕರವಸ್ತ್ರದಲ್ಲಿ ಗಡ್ಡ ಒರೆಸಿಕೊಂಡ ಎಂಬ ಸುಳ್ಳುಗಳು ಬರುವುದು ಕೊನೆಗೆ, ಒಥೆಲೊ ಕಣ್ಣಿಗೆ ಕಾಣುವ ಪುರಾವೆ ಕೊಡೆಂದು ಅವನ ಮೇಲೆ ಎಗರಿದ ಮೇಲೆ.

ಕರವಸ್ತ್ರ ಬೀಳುವ ಗಳಿಗೆಯ ಮೇಲೆ ಕಣ್ಣಿಡಿ. ಹಣೆ ನೋಯುತ್ತದೆ ಎಂದ ಗಂಡನಿಗೆ ಕಟ್ಟಲು ಡೆಸ್ಡೆಮೊನಾ ಅವನೇ ಕೊಟ್ಟಿದ್ದ ಸ್ಟ್ರಾಬೆರಿ ಚಿತ್ತಾರದ ಬಟ್ಟೆ ತೆಗೆಯುತ್ತಾಳೆ. ಅವನು ‘ಇದು ತೀರ ಚಿಕ್ಕದು, ಬಿಡು’ ಎನ್ನುತ್ತಾನೆ. ಅದು ಯಾರ ಕೈಯಿಂದ ಜಾರಿತು ಎಂದು ಹಳೆಯ ಅಚ್ಚಿನ ಪ್ರತಿಗಳಲ್ಲಿ ರಂಗಸೂಚನೆಯಿಲ್ಲ. ಒಥೆಲೊ ತಳ್ಳಿಹಾಕಿದರೆ ಕಳೆದವನು ಅವನೇ. ಆಮೇಲೆ ಅದೇ ಬಟ್ಟೆ ಎಲ್ಲಿ ಎಂದು ಹೆಂಡತಿಯನ್ನು ಪೀಡಿಸುವುದು ಆಗ ಇನ್ನೂ ಘೋರವಾಗಿ ಕಾಣುತ್ತದೆ. ಬಿದ್ದದ್ದು ಪ್ರೇಕ್ಷಕರ ಕಣ್ಣಿಗೆ ಬೀಳದಿದ್ದರೆ ಮುಂದಿನ ಒಂದು ಗಂಟೆಯ ಆಟವೇ ಸಡಿಲ. 1693ರಲ್ಲಿ ವಿಮರ್ಶಕ ಥಾಮಸ್ ರೈಮರ್ ಒಂದು ಕರವಸ್ತ್ರಕ್ಕೆ ಇಷ್ಟೆಲ್ಲಾ ರಾದ್ಧಾಂತವೇ ಎಂದು ಹಂಗಿಸಿದ್ದ. ಆ ಬಟ್ಟೆ ಒಥೆಲೊನ ತಾಯಿಯದು, ವೆನಿಸ್ಸಿನಲ್ಲಿ ಅವನ ಮನೆತನದ ಗುರುತಾಗಿ ಉಳಿದದ್ದು ಎಂಬುದನ್ನು ರೈಮರ್ ಲೆಕ್ಕಕ್ಕೆ ಹಿಡಿಯಲಿಲ್ಲ.

‘ಹಾನೆಸ್ಟ್’ ಎಂಬ ಮಾತಿಗೂ ಕಿವಿಗೊಡಿ. ನಾಟಕದಲ್ಲಿ ಅದೂ ಅದರಿಂದ ಹುಟ್ಟಿದ ಪದಗಳೂ 50ಕ್ಕೂ ಹೆಚ್ಚು ಸಲ ಬರುತ್ತವೆ. ಗಂಡಸಿನ ವಿಚಾರದಲ್ಲಿ ಪ್ರಾಮಾಣಿಕ, ಹೆಂಗಸಿನ ವಿಚಾರದಲ್ಲಿ ಶೀಲವತಿ, ಕೆಳಗಿನವನನ್ನು ಮೇಲಿನವನು ಕರೆದರೆ ಒಳ್ಳೆಯ ಆಳು. ‘ಪ್ರಾಮಾಣಿಕ’ ಎಂದು ಅನುವಾದಿಸಿದರೆ ಮೂರರಲ್ಲಿ ಎರಡು ಅರ್ಥ ಹೋಗುತ್ತವೆ. ಆಳಿಗೂ ಸಲ್ಲುವ, ಗಂಡ-ಹೆಂಡಿರಿಗೂ ಸಲ್ಲುವ ‘ನಿಯತ್ತು’ ಹತ್ತಿರ ಬರುತ್ತದೆ. ಕನ್ನಡಕ್ಕೆ ಈ ನಾಟಕ ಹೊಸದಲ್ಲ, 19ನೆಯ ಶತಮಾನದಲ್ಲೇ ಬಸವಪ್ಪ ಶಾಸ್ತ್ರಿಗಳು ಮೈಸೂರಿನಲ್ಲಿ ‘ಶೂರಸೇನ ಚರಿತ್ರೆ’ಯಾಗಿ ತಂದಿದ್ದರು.

ಲಂಡನ್ನಿನ ಮಟ್ಟಿಗೆ ಇದು ಊರಿನ ಇತಿಹಾಸವೂ ಹೌದು. ಒಥೆಲೊನಂತೆಯೇ ಆಫ್ರಿಕಾದಿಂದ ಬಂದ ಮೊರಾಕ್ಕೊದ ರಾಯಭಾರಿ ಅಬ್ದ್ ಅಲ್-ವಾಹಿದ್ 1600ರಲ್ಲಿ ತನ್ನ ಪರಿವಾರದೊಂದಿಗೆ ಬಂದು ಇಲ್ಲಿ ತಿಂಗಳುಗಟ್ಟಲೆ ಉಳಿದಿದ್ದ. ನಾಟಕದ ಮೊದಲ ದಾಖಲಾದ ಪ್ರದರ್ಶನ 1604ರ ನವೆಂಬರ್ 1ರಂದು, ವೈಟ್‌ಹಾಲ್ ಅರಮನೆಯಲ್ಲಿ. ಒಥೆಲೊ ಆದವನು ಮುಖಕ್ಕೆ ಮಸಿ ಬಳಿದುಕೊಂಡ ಬಿಳಿಯ ನಟ. ಆ ಪದ್ಧತಿ ಹೋಗಲು ಮುನ್ನೂರು ವರ್ಷ ಮೀರಿ ಹಿಡಿಯಿತು. 1833ರ ಮಾರ್ಚ್‌ನಲ್ಲಿ ಹೆಸರಾಂತ ಬಿಳಿಯ ನಟ ಎಡ್ಮಂಡ್ ಕೀನ್ ಈ ಪಾತ್ರದಲ್ಲೇ ರಂಗದ ಮೇಲೆ ಕುಸಿದ. ಮುಂದಿನ ತಿಂಗಳು ಕಾವೆಂಟ್ ಗಾರ್ಡನ್ನಿನಲ್ಲಿ ಆ ಪಾತ್ರ ವಹಿಸಿದ ಕರಿಯ ನಟ ಐರಾ ಆಲ್‌ಡ್ರಿಜ್‌ನನ್ನು ಪತ್ರಿಕೆಗಳು ಬಣ್ಣದ ಹೆಸರಿನಲ್ಲೇ ಹಳಿದವು. 1930ರಲ್ಲಿ ಕರಿಯ ನಟ ಪಾಲ್ ರೋಬ್ಸನ್ ಸವಾಯ್ ಥಿಯೇಟರಿನಲ್ಲಿ ಆಡಿದ ಮೇಲೂ, 1964ರಲ್ಲಿ ಬಿಳಿಯ ನಟ ಲಾರೆನ್ಸ್ ಒಲಿವಿಯರ್ ಮೈಗೆಲ್ಲ ಕಪ್ಪು ಬಳಿದುಕೊಂಡೇ ಬಂದ. 2015ರಲ್ಲಿ ರಾಯಲ್ ಶೇಕ್ಸ್‌ಪಿಯರ್ ಕಂಪನಿ ಒಥೆಲೊ, ಇಯಾಗೊ ಇಬ್ಬರನ್ನೂ ಕರಿಯ ನಟರಿಗೆ ಕೊಟ್ಟಿತು: ಹ್ಯೂ ಕ್ವಾರ್ಷಿ, ಲೂಷಿಯನ್ ಮ್ಸಮಾಟಿ. ‘ಕರಿಯ’ ಎಂದು ಬೈಯುವವನೂ ಕರಿಯನಾದಾಗ ಆ ಬೈಗುಳ ಎಲ್ಲಿಂದ ಬರುತ್ತದೆ ಎಂಬುದು ಹೊಸದಾಗಿ ಕೇಳಿಸುತ್ತದೆ.

ಟಿಕೆಟ್ಟಿನ ವಿಚಾರ. ಗ್ಲೋಬ್ ರಂಗಮಂದಿರದ ಬಯಲು ಅಂಗಳದಲ್ಲಿ ಸುಮಾರು 700 ಜನ ನಿಂತು ನೋಡಬಹುದು, ಅದೇ ಅಗ್ಗ. ಕೂರುವಂತಿಲ್ಲ, ಕೊಡೆ ಬಿಡಿಸುವಂತಿಲ್ಲ, ಮಳೆಕೋಟು ಇರಲಿ. ಪಕ್ಕದಲ್ಲೇ ಇರುವ, ಮೇಣದ ದೀಪಗಳ ಬೆಳಕಿನ ಸ್ಯಾಮ್ ವನಮೇಕರ್ ಪ್ಲೇಹೌಸ್‌ನಲ್ಲಿ ಕಂಬ ಅಡ್ಡ ಬರುವ ಸೀಟುಗಳಿವೆ, ಬುಕ್ ಮಾಡುವಾಗ ನೋಡಿಕೊಳ್ಳಿ. ನಾಲ್ಕು ಶತಮಾನದ ಹಿಂದಿನ ಇಂಗ್ಲಿಷ್ ಕಿವಿಗೆ ಸಿಕ್ಕುವುದಿಲ್ಲ ಎನ್ನುವವರು, ಊರಿಂದ ಬಂದ ಅಪ್ಪ-ಅಮ್ಮನನ್ನು ಕರೆದೊಯ್ಯುವವರು, ಸಂಭಾಷಣೆ ಪರದೆಯ ಮೇಲೆ ಅಕ್ಷರವಾಗಿ ಬರುವ ಕ್ಯಾಪ್ಶನ್ಡ್ ಪ್ರದರ್ಶನದ ದಿನವನ್ನೇ ಆರಿಸಿಕೊಳ್ಳಿ.

ಡೆಸ್ಡೆಮೊನಾಳ ವಿಲೋ ಹಾಡು, ಹೆಂಡಿರಿಗೂ ಗಂಡಂದಿರಂತೆಯೇ ಆಸೆಗಳಿವೆ ಎನ್ನುವ, ಇಯಾಗೊನ ಹೆಂಡತಿ ಎಮಿಲಿಯಾಳ ಮಾತು 1622ರ ಕ್ವಾರ್ಟೊದಲ್ಲಿ (ಈ ನಾಟಕದ ಮೊದಲ ಬಿಡಿ ಅಚ್ಚಿನಲ್ಲಿ) ಇಲ್ಲ, 1623ರ ಫೋಲಿಯೊದಲ್ಲಿವೆ (ಶೇಕ್ಸ್‌ಪಿಯರನ ನಾಟಕಗಳ ಸಂಗ್ರಹದಲ್ಲಿ). ಅವೆರಡನ್ನೂ ಕತ್ತರಿಸಿದ ಪ್ರದರ್ಶನದಲ್ಲಿ ಎಮಿಲಿಯಾ ಬರೀ ಬಿದ್ದ ಕರವಸ್ತ್ರ ಹೆಕ್ಕಿ ಗಂಡನಿಗೆ ಕೊಡುವ ದಾಸಿಯಾಗುತ್ತಾಳೆ, ಕೊನೆಯ ದೃಶ್ಯದ ಅವಳ ಶಕ್ತಿಗೆ ಬುಡವೇ ಇರುವುದಿಲ್ಲ. ಆ ದೃಶ್ಯದಲ್ಲಿ, ಹೆಂಡತಿಯನ್ನು ಕೊಂದ ಒಥೆಲೊ ಇದೆಲ್ಲ ನಿನ್ನ ಗಂಡನಿಗೆ ಗೊತ್ತು ಎಂದು ಹೇಳಿದಾಗ ಅವಳು ಕೇಳುತ್ತಾಳೆ: ‘ನನ್ನ ಗಂಡನಿಗೆ?’ ಅವನು ಇನ್ನೊಂದು ಮಾತು ಹೇಳಿದರೆ ಮತ್ತೆ: ‘ನನ್ನ ಗಂಡ?’ ಮತ್ತೂ ಒಮ್ಮೆ. ಇಯಾಗೊನ ಮಾರ್ದನಿಯ ತಂತ್ರವೇ ಇದು, ಆದರೆ ಈ ಬಾಯಲ್ಲಿ ತಂತ್ರವಿಲ್ಲ, ಪ್ರತಿ ಸಲಕ್ಕೂ ಅವಳಿಗೆ ಇನ್ನಷ್ಟು ಅರ್ಥವಾಗುತ್ತಿದೆ. ಒಥೆಲೊ ರೇಗುತ್ತಾನೆ: ಯಾಕೆ ಹೇಳಿದ್ದನ್ನೇ ಹೇಳುತ್ತೀ?